ಎರಡು ತುಂಬದ ಮಗು, ಆರರ ಮಗಳು, ಮಂಡಿನೋವಿನ ಅತ್ತೆ: ಒಂದೇ ದಿನದಲ್ಲಿ ಶಿವನಸಮುದ್ರ ಆಗತ್ತಾ?

ಬನಶಂಕರಿ_ಬಾಲು
ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಒಂದು ಭಾನುವಾರ ಶಿವನಸಮುದ್ರಕ್ಕೆ ಹೋಗಿ ಅವತ್ತೇ ಬೆಂಗಳೂರಿಗೆ ವಾಪಸ್ ಬರಬೇಕು ಅಂತಿದೀವಿ. ಐದು ಸೀಟಿನ ಕಾರು. ನಾವಿಬ್ರು, ಆರು ವರ್ಷದ ಮಗಳು, ಇನ್ನೂ ಎರಡು ತುಂಬದ ಮಗ, ಮಂಡಿನೋವಿರೋ ಅತ್ತೆ. ಗಗನಚುಕ್ಕಿ, ಭರಚುಕ್ಕಿ ಎರಡೂ ಜಲಪಾತ ನೋಡ್ಕೊಂಡು ತಲಕಾಡು, ಹೊತ್ತಿದ್ರೆ ಸೋಮನಾಥಪುರ. ಕೆಆರ್‌ಎಸ್ ಇನ್ನೂ ತುಂಬಿಲ್ಲ ಅಂತ ಪೇಪರಲ್ಲಿತ್ತು, ಹಾಗಾದ್ರೆ ಹೋಗೋದೇ ದಂಡಾನಾ? ಸ್ಟ್ರಾಲರ್ ಉಪಯೋಗಕ್ಕೆ ಬರತ್ತಾ? ಊಟ ಕಟ್ಕೊಂಡು ಹೋಗೋದಾ, ಅಲ್ಲೇ ಮಾಡೋದಾ?

ಹೊಳೆದಂಡೆ
ನಾಲ್ಕು ಜಾಗ, ಒಂದು ದಿನ, ಡೈಪರ್ ಮಗು. ಪಟ್ಟಿಯಲ್ಲಿ ಎರಡು ಹೊಡೆದುಹಾಕಿ, ಆಮೇಲೆ ಮಾತಾಡೋಣ.

ಕಬಿನಿ_ಕಣ್ಣು
ಮೊದಲು ನೀರಿನ ವಿಷಯ ಮುಗಿಸಿಬಿಡೋಣ. ಕೆಆರ್‌ಎಸ್ ತುಂಬಿಲ್ಲ ಅಂದ ಮಾತ್ರಕ್ಕೆ ಚುಕ್ಕಿ ಒಣಗಿರಲ್ಲ. ಶಿವನಸಮುದ್ರಕ್ಕೆ ಎರಡು ಅಣೆಕಟ್ಟಿನ ನೀರು ಬರತ್ತೆ. ಕಬಿನಿ ಕಾವೇರಿಗೆ ಸೇರೋದು ತಿ. ನರಸೀಪುರದಲ್ಲಿ, ಅದು ತಲಕಾಡಿಗಿಂತ ಮೇಲೆ. ಕೆಆರ್‌ಎಸ್ 49 ಟಿಎಂಸಿ ನುಂಗೋ ಜಲಾಶಯ, 124.80 ಅಡಿ ಮುಟ್ಟೋಕೆ ಟೈಮ್ ಬೇಕು. ಕಬಿನಿ 20 ಟಿಎಂಸಿ ಕೂಡ ಇಲ್ಲ. ವಯನಾಡಲ್ಲಿ ನಾಲ್ಕು ದಿನ ಬಿಡದೆ ಹೊಡೆದರೆ ಅದರ ಗೇಟು ಎತ್ತಲೇಬೇಕಾಗತ್ತೆ. ಎಷ್ಟೋ ವರ್ಷ ಚುಕ್ಕಿಗೆ ಮೊದಲ ಕಳೆ ಬರೋದು ಕಬಿನಿ ನೀರಿಂದ, ಕೆಆರ್‌ಎಸ್‌ನಿಂದ ಅಲ್ಲ.

ಹಾಗಾಗಿ ಪೇಪರಲ್ಲಿ ಜಲಾಶಯದ ಮಟ್ಟ ನೋಡಬೇಡಿ, ಹೊರಹರಿವು ನೋಡಿ. ಹೊರಡೋ ಹಿಂದಿನ ದಿನದ ಎರಡೂ ಅಣೆಕಟ್ಟಿನ ಹೊರಹರಿವು ಕೂಡಿಸಿ. ಅದರಲ್ಲೂ ಒಂದು ಸೂಕ್ಷ್ಮ ಇದೆ: ‘ನದಿಗೆ’ ಇಷ್ಟು, ‘ನಾಲೆಗೆ’ ಇಷ್ಟು ಅಂತ ಬೇರೆ ಬೇರೆ ಕೊಟ್ಟಿದ್ರೆ ನದಿಯದ್ದು ಮಾತ್ರ ಲೆಕ್ಕ. ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟದ್ದು ಮಂಡ್ಯದ ಗದ್ದೆಗೆ ಹೋಗತ್ತೆ, ಚುಕ್ಕಿಗೆ ಬರಲ್ಲ.

ಅಂದಾಜಿಗೆ ಹೇಳೋದಾದ್ರೆ, ಕೂಡಿಸಿದ್ದು ನಾಲ್ಕೈದು ಸಾವಿರ ಕ್ಯೂಸೆಕ್ ಒಳಗಿದ್ರೆ ಬಂಡೆಯೇ ಜಾಸ್ತಿ ಕಾಣತ್ತೆ, ಯಾಕಂದ್ರೆ ಚುಕ್ಕಿಗಿಂತ ಮೇಲೆಯೇ ಕಟ್ಟೆ ಕಟ್ಟಿ ವಿದ್ಯುದಾಗಾರಕ್ಕೆ ನೀರು ತಿರುಗಿಸ್ಕೋತಾರೆ. ಹತ್ತು ಸಾವಿರ ದಾಟಿದ್ರೆ ಚೆಂದ. ಮೂವತ್ತು ಸಾವಿರ ದಾಟಿದ್ರೆ ಹಾಲು ಉಕ್ಕಿದಂಗೆ. ಐವತ್ತು ದಾಟಿದ್ರೆ ದೂರದಿಂದ ನೋಡೋ ಸಂಭ್ರಮ ಅಷ್ಟೆ, ಹತ್ತಿರದ ಜಾಗ ಮುಚ್ಚಿರತ್ತೆ ಅಂದ್ಕೊಂಡೇ ಹೊರಡಿ.

ಟ್ಯಾಂಕರ್_ತಿಮ್ಮಣ್ಣ
ಮಗಳಿಗೆ ಕ್ಯೂಸೆಕ್ ಅರ್ಥ ಆಗಲ್ಲ, ಟ್ಯಾಂಕರ್ ಅರ್ಥ ಆಗತ್ತೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28.3 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 2,83,000 ಲೀಟರ್. ನಮ್ಮ ಬೀದಿಗೆ ಬರೋ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ, ‘ಒಂದು’ ಅನ್ನೋಷ್ಟರಲ್ಲಿ ನಲವತ್ತೇಳು ಟ್ಯಾಂಕರ್ ಖಾಲಿ.

ಜಯನಗರ_೪
ಬೆಂಗಳೂರಲ್ಲಿ ಈ ವಾರ ಭಾರಿ ಮಳೆ. ಹಾಗಾದ್ರೆ ಫಾಲ್ಸ್ ಫುಲ್ ಇರಬೇಕಲ್ಲ?

ಕಬಿನಿ_ಕಣ್ಣು
@ಜಯನಗರ_೪ ಇಲ್ಲ ಸರ್. ಬೆಂಗಳೂರು, ರಾಮನಗರ ಕಡೆ ಮಳೆ ಅರ್ಕಾವತಿಗೆ ಹೋಗತ್ತೆ. ಅದು ಕಾವೇರಿಗೆ ಸೇರೋದು ಮೇಕೆದಾಟು ಹತ್ತಿರದ ಸಂಗಮದಲ್ಲಿ, ಅಂದ್ರೆ ಶಿವನಸಮುದ್ರಕ್ಕಿಂತ ಕೆಳಗೆ. ತುಮಕೂರು, ಮದ್ದೂರು ಕಡೆಯಿಂದ ಬರೋ ಶಿಂಷಾ ಕೂಡ ಚುಕ್ಕಿ ದಾಟಿದ ಮೇಲೇ ಸೇರತ್ತೆ. ನೀವು ನೋಡಬೇಕಾದ್ದು ಕೊಡಗು, ಹಾಸನ, ವಯನಾಡಿನ ಮಳೆ. ಮನೆ ಮುಂದೆ ಬಿಸಿಲಿದ್ದರೂ ಚುಕ್ಕಿ ಭೋರ್ಗರೆಯಬಹುದು.

ಮಳವಳ್ಳಿ_ಹೈದ
ಬಾಲಣ್ಣ, ಬರ್ರಿ ಬರ್ರಿ. ಆದ್ರೆ ಎಲ್ಡು ಚುಕ್ಕಿನೂ ಒಂದೇ ಕಡೆ ಅಂದ್ಕಂಡು ಬಂದ್ಬುಟ್ಟೀರ. ಕಾವೇರಿ ಅಲ್ಲಿ ಎಲ್ಡಾಗಿ ಒಡ್ದು ನಡುವೆ ನಡುಗಡ್ಡೆ ಮಾಡದೆ. ಪಡುವಲ ಕವಲು ಗಗನಚುಕ್ಕಿ, ಮೂಡಲ ಕವಲು ಭರಚುಕ್ಕಿ. ಗಗನಚುಕ್ಕಿ ನೋಡೋ ಜಾಗ ನಮ್ಮ ಮಂಡ್ಯ ಜಿಲ್ಲೆಗೆ ಸೇರ್ತದೆ, ಭರಚುಕ್ಕಿ ಚಾಮರಾಜನಗರ ಜಿಲ್ಲೆ. ಕಾಗೆ ಹಾರ್ದಂಗೆ ಹೋದ್ರೆ ಹತ್ರ, ರೋಡಲ್ಲಿ ಕೊಳ್ಳೇಗಾಲದ ರಸ್ತೆ ಹಿಡ್ದು, ಹೊಳೆ ದಾಟಿ, ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ಗೆ ಬಂದು ಎಡಕ್ಕೆ ತಿರುಗಬೇಕು. ಅರ್ಧ ಗಂಟೆ ಇಟ್ಕಳಿ. ಇನ್ನೊಂದು: ನಮ್ಮ ಕಡೆ ‘ಬ್ಲಫ್’ ಅಂದ್ರೂ ಅದೇ ಊರೇಯ. ಯಾರಾರ ‘ಬ್ಲಫ್‌ಗೆ ಹಿಂಗೋಗಿ’ ಅಂದ್ರೆ ಸುಳ್ಳು ಹೇಳ್ತಾವ್ರೆ ಅಂದ್ಕಬೇಡಿ.

ಎರಡುಮಕ್ಕಳ_ತಾಯಿ
ಎರಡರಲ್ಲಿ ಒಂದೇ ನೋಡೋ ಹಾಗಿದ್ರೆ ಈ ಕುಟುಂಬಕ್ಕೆ ಗಗನಚುಕ್ಕಿ. ಪಾರ್ಕಿಂಗ್‌ನಿಂದ ವೀಕ್ಷಣಾ ಕಟ್ಟೆಗೆ ಕಡಿಮೆ ನಡಿಗೆ, ಕಣಿವೆಯ ಈಚೆ ದಡದಲ್ಲಿ ನಿಂತು ಆಚೆ ಧುಮುಕೋದನ್ನು ನೋಡೋದು. ಭರಚುಕ್ಕಿ ಅಗಲ, ನೀರು ಹತ್ತು ಎಳೆಯಾಗಿ ಬಂಡೆ ಮೇಲೆ ಹರಡಿಕೊಂಡು ಬೀಳತ್ತೆ, ನೋಡೋಕೆ ಅದೇ ಹೆಚ್ಚು ಸೊಗಸು. ಆದ್ರೆ ಅದರ ಪೂರಾ ಮಜಾ ಮೆಟ್ಟಿಲಿಳಿದು ತಳಕ್ಕೆ ಹೋದವರಿಗೆ. ಇಳಿಯೋದು ಸುಲಭ, ಹತ್ತೋವಾಗ ಹನ್ನೆರಡು ಕೆಜಿ ಮಗು ಯಾರ ಸೊಂಟದ ಮೇಲೆ ಅಂತ ಮನೇಲೇ ತೀರ್ಮಾನ ಮಾಡ್ಕೊಳ್ಳಿ. ಅತ್ತೆಯವರು ಮೇಲೇ ಕೂರೋದು ಒಳ್ಳೇದು.

ಸ್ಟ್ರಾಲರ್ ಬೇಡವೇ ಬೇಡ. ಡಿಕ್ಕಿ ತುಂಬತ್ತೆ, ಮೆಟ್ಟಿಲಲ್ಲಿ ಅದನ್ನೂ ಹೊರಬೇಕು, ಮಗುವನ್ನೂ ಹೊರಬೇಕು. ಎದೆಗೋ ಬೆನ್ನಿಗೋ ಕಟ್ಟಿಕೊಳ್ಳೋ ಕ್ಯಾರಿಯರ್ ತನ್ನಿ, ಇಲ್ಲಾಂದ್ರೆ ಹಳೇ ಕಾಟನ್ ಸೀರೆ ಇದ್ದೇ ಇದೆ. ಕೊಡೆ ಕೂಡ ಬೇಡ. ತುಂತುರು ಕೆಳಗಿನಿಂದ, ಪಕ್ಕದಿಂದ ಬರತ್ತೆ, ಗಾಳಿಗೆ ಕೊಡೆ ತಿರುಗಿ ಪಕ್ಕದವರ ಕಣ್ಣಿಗೆ ತಗಲತ್ತೆ. ಮಕ್ಕಳಿಗೆ ಟೋಪಿ ಇರೋ ರೇನ್‌ಕೋಟು, ತಲಾ ಎರಡು ಜೊತೆ ಬಟ್ಟೆ.

ಪಾಚಿಬಂಡೆ
ಚಪ್ಪಲಿ ವಿಷಯ ಬಿಟ್ರಿ ಮೇಡಂ. ಹಿಮ್ಮಡಿಗೆ ಪಟ್ಟಿ ಇರೋ ಸ್ಯಾಂಡಲ್ಲೇ ಆಗಬೇಕು. ಬರೀ ಹವಾಯಿ ಹಾಕಿದ್ರೆ ಒದ್ದೆ ಮೆಟ್ಟಿಲಲ್ಲಿ ಕಾಲು ಮುಂದಕ್ಕೆ ಜಾರತ್ತೆ, ಚಪ್ಪಲಿ ಹಿಂದೆ ಉಳಿಯತ್ತೆ. ಮಗುವನ್ನು ಬೆರಳು ಹಿಡಿದು ನಡೆಸಬೇಡಿ, ಒದ್ದೆ ಬೆರಳು ಕೈಯಿಂದ ನುಣುಚತ್ತೆ. ಮಣಿಕಟ್ಟು ಹಿಡೀರಿ. ಕಂಬಿ ಹತ್ತಿರ ಹೋದ ತಕ್ಷಣ ಮಾಡಬೇಕಾದ್ದು: ಚಿಕ್ಕವನ ತಲೆ ಎರಡು ಕಂಬಿ ನಡುವೆ ತೂರತ್ತಾ ನೋಡಿ. ತೂರೋ ಹಾಗಿದ್ರೆ ಅವನನ್ನು ನೆಲಕ್ಕೆ ಬಿಡಲೇಬೇಡಿ. ಕಂಬಿ ಮೇಲೆ ಕೂರಿಸಿ ಫೋಟೋ ತೆಗೆಯೋರ ಬಗ್ಗೆ ಮಾತಾಡಿದ್ರೆ ಜಗಳ ಆಗತ್ತೆ, ಬಿಟ್ಟೆ.

ಜೋಗದಭಕ್ತ
ಶಿವನಸಮುದ್ರಕ್ಕೆ ಇಷ್ಟೆಲ್ಲ ಯಾಕೆ, ಜೋಗ 253 ಮೀಟರ್, ಇದು ನೂರು ಕೂಡ ಇಲ್ಲ.

ಹೊಳೆದಂಡೆ
@ಜೋಗದಭಕ್ತ ಬನಶಂಕರಿಯಿಂದ ಜೋಗಕ್ಕೆ ಹೋಗಿ ಅವತ್ತೇ ರಾತ್ರಿ ವಾಪಸ್ ಬಂದು ಮಗು ಮಲಗಿಸಿ ತೋರಿಸಿ ಗುರು, ಆಮೇಲೆ ಮೀಟರ್ ಅಳೆಯೋಣ.

ಸ್ಟೇರಿಂಗ್_ಶಿವು
ರಸ್ತೆ ವಿಷಯಕ್ಕೆ ಬರ್ತೀನಿ. ದಾರಿ ಎರಡು.

ಒಂದು, ಕನಕಪುರ ರಸ್ತೆ: ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಅಲ್ಲಿಂದ ಗಗನಚುಕ್ಕಿ. ಒಟ್ಟು 130 ಕಿ.ಮೀ. ಆಸುಪಾಸು. ಇನ್ನೊಂದು, ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮದ್ದೂರಿನವರೆಗೆ, ಅಲ್ಲಿಂದ ಎಡಕ್ಕೆ ಮಳವಳ್ಳಿ. ದೂರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಟೋಲ್ ಹೆಚ್ಚು. ಮಕ್ಕಳ ಹೊಟ್ಟೆ ಲೆಕ್ಕದಲ್ಲಿ ವ್ಯತ್ಯಾಸ ಇದೆ: ಸಾತನೂರಿನ ಆಚೆ ಈಚೆ ಏರಿಳಿತ, ತಿರುವು, ಊರೂರಿಗೆ ಹಂಪ್. ಕಾರಲ್ಲಿ ವಾಂತಿ ಮಾಡೋ ಮಗು ಇದ್ರೆ ಮದ್ದೂರು ದಾರಿ. ಇಲ್ಲದಿದ್ರೆ ಕನಕಪುರ ದಾರಿಯೇ ಹಸಿರು, ಹೋಗುವಾಗ ಅದು, ಬರುವಾಗ ಬೇಕಾದ್ರೆ ಇದು. ಭಾನುವಾರ ಸಂಜೆ ಕನಕಪುರ ರಸ್ತೆಯಲ್ಲಿ ನೈಸ್ ಜಂಕ್ಷನ್‌ಗೆ ಬರೋಷ್ಟರಲ್ಲಿ ಬೆಳಿಗ್ಗೆಯ ಖುಷಿಯೆಲ್ಲ ಇಳಿದಿರತ್ತೆ.

ಕಾರಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದನ್ನೂ ಹೇಳ್ತೀನಿ, ಯಾಕಂದ್ರೆ ಮುಕ್ಕಾಲು ಜನ ತಪ್ಪು ಮಾಡೋದು ಇಲ್ಲೇ. ಅತ್ತೆಯವರನ್ನು ಮುಂದೆ ಕೂರಿಸಿ, ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಮಂಡಿ ಚಾಚೋಕಾಗತ್ತೆ. ಆ ಸೀಟಿನ ಹಿಂದೆ ಮಗಳು, ಅವಳ ಕಾಲು ಚಿಕ್ಕದು, ಜಾಗ ಸಾಕು. ಚಾಲಕನ ಹಿಂದೆ ಮಗನ ಸೀಟು. ನಡುವೆ ತಾಯಿ. ಮಗಳಿಗೆ ಬೆಲ್ಟ್ ಹಾಕಿದಾಗ ಅದು ಕುತ್ತಿಗೆಗೆ ಬರ್ತಿದ್ರೆ ಬೂಸ್ಟರ್ ಬೇಕು, ದಿಂಬು ಹಾಕಿದ್ರೆ ಬ್ರೇಕ್ ಹೊಡೆದಾಗ ದಿಂಬು ಜಾರಿ ಬೆಲ್ಟ್ ಹೊಟ್ಟೆಗೆ ಬೀಳತ್ತೆ. ಚಿಕ್ಕವನನ್ನು ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸೋದು ಮಾತ್ರ ಯಾವ ಕಾರಣಕ್ಕೂ ಬೇಡ, ಏರ್‌ಬ್ಯಾಗ್ ಬಿಚ್ಚಿಕೊಂಡ್ರೆ ಮೊದಲ ಪೆಟ್ಟು ಮಗುವಿಗೆ. 2019ರ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ರೆ ಸಾವಿರ ರೂಪಾಯಿ ದಂಡವೂ ಇದೆ.

ಬನಶಂಕರಿ_ಬಾಲು
ಶಿವು ಸರ್, ಮಗಳು ವಾಂತಿ ಮಾಡ್ತಾಳೆ. ಮಾತ್ರೆ ಇಬ್ಬರಿಗೂ ಕೊಟ್ಟೇ ಹೊರಡೋದಾ?

ಮಕ್ಕಳವಾರ್ಡ್
@ಬನಶಂಕರಿ_ಬಾಲು ಚಿಕ್ಕವನಿಗೆ ಬೇಡ. ಪ್ರಯಾಣದ ವಾಂತಿ ಎರಡು ವರ್ಷದೊಳಗಿನವರಿಗೆ ಅಪರೂಪ. ಜೊತೆಗೆ ಪ್ರೊಮೆಥಜೀನ್ ಇರೋ ಸಿರಪ್ ಎರಡು ವರ್ಷದೊಳಗೆ ಕೊಡಲೇಬಾರದು, ಉಸಿರಾಟ ಕುಗ್ಗೋ ಅಪಾಯ ಇದೆ. ಮನೇಲಿರೋ ಬಾಟ್ಲಿ ಎತ್ತಿಕೊಂಡು ‘ಅಕ್ಕನಿಗೆ ಒಂದು ಚಮಚ, ತಮ್ಮನಿಗೆ ಅರ್ಧ’ ಅನ್ನಬೇಡಿ. ಮಗಳಿಗೆ ಅವಳ ತೂಕ ಹೇಳಿ ನಿಮ್ಮ ಡಾಕ್ಟರ ಹತ್ತಿರ ಬರೆಸ್ಕೊಳ್ಳಿ, ಹೊರಡೋ ಅರ್ಧ-ಒಂದು ಗಂಟೆ ಮುಂಚೆ ಕೊಡೋದು. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ವಾಂತಿಯ ಜೊತೆಗೇ ಹೊರಗೆ.

ಮಾತ್ರೆಗಿಂತ ಮುಂಚೆ ಇದನ್ನು ಮಾಡಿ: ಬೆಳಿಗ್ಗೆ ದೊಡ್ಡ ಲೋಟ ಹಾಲು ಬೇಡ, ಒಂದು ಇಡ್ಲಿನೋ ಒಣ ಬ್ರೆಡ್ಡೋ ಸಾಕು. ಮೊಬೈಲ್, ಪುಸ್ತಕ ಕೈಗೆ ಕೊಡಬೇಡಿ. ಕಣ್ಣು ಹಾಳೆ ಮೇಲಿರತ್ತೆ, ಕಿವಿಯೊಳಗಿನ ಸಮತೋಲದ ಅಂಗ ‘ಅಲ್ಲಾಡ್ತಿದೀವಿ’ ಅನ್ನತ್ತೆ, ಎರಡೂ ತಾಳೆಯಾಗದೇ ಇರೋದೇ ವಾಂತಿಗೆ ಕಾರಣ. ಮುಂದಿನ ಗಾಜಿನಲ್ಲಿ ದೂರದ ಗುಡ್ಡ ನೋಡೋಕೆ ಹೇಳಿ. ಆ ಲೆಕ್ಕಕ್ಕೆ ಶಿವು ಅವರ ಜೋಡಣೆಯಲ್ಲಿ ತಾಯಿ-ಮಗಳು ಜಾಗ ಬದಲಾಯಿಸಿ, ನಡುವೆ ಮಗಳು. ಆದ್ರೆ ನಡುವಿನ ಸೀಟಿಗೆ ಭುಜದ ಮೇಲೆ ಬರೋ ಬೆಲ್ಟ್ ಇದ್ರೆ ಮಾತ್ರ, ಹೊಟ್ಟೆ ಪಟ್ಟಿಯಷ್ಟೇ ಇದ್ರೆ ಬೇಡ.

ಒಆರ್‌ಎಸ್ ಪೊಟ್ಟಣ ಎರಡು ಇಟ್ಕೊಳ್ಳಿ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಪುಡಿ ಅರ್ಧ ಲೋಟಕ್ಕೆ ಹಾಕಿದ್ರೆ ಉಪ್ಪು ಹೆಚ್ಚಾಗಿ ಉಪಕಾರಕ್ಕಿಂತ ಅಪಕಾರ ಜಾಸ್ತಿ. ಕಲಸಿದ್ದು 24 ಗಂಟೆ ಮೇಲೆ ಚೆಲ್ಲಬೇಕು.

ಸ್ಟೇರಿಂಗ್_ಶಿವು
ಒಪ್ಪಿದೆ ಡಾಕ್ಟ್ರೇ. ಮಗಳು ನಡುವೆ. ಕಾಲಡಿ ಒಂದು ಹಳೇ ಟವೆಲ್, ಸೀಟಿನ ಜೇಬಲ್ಲಿ ತೂತಿಲ್ಲದ ನಾಲ್ಕು ಕವರ್. ತೂತಿದೆಯಾ ಅಂತ ಊದಿ ನೋಡಿ ಇಡಿ!

ಮರಳುಗುಡ್ಡೆ
ನನ್ನ ಮತ ತಲಕಾಡಿಗೆ. ಆರು ವರ್ಷದ ಮಗು ಕಂಬಿ ಹಿಡಿದು ಎಷ್ಟು ಹೊತ್ತು ಜಲಪಾತ ನೋಡತ್ತೆ? ಹತ್ತು ನಿಮಿಷ. ಮರಳಲ್ಲಿ ಬಿಟ್ಟರೆ ಎರಡು ಗಂಟೆ ಮಾತೇ ಇರಲ್ಲ. ಭರಚುಕ್ಕಿ ಬಿಟ್ಟು ಗಗನಚುಕ್ಕಿ, ತಲಕಾಡು ಇಟ್ಕೊಳ್ಳಿ. ವೈದ್ಯನಾಥೇಶ್ವರನ ಗುಡಿ ನೋಡಿ, ಮರಳ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ವಾಪಸ್. ಪಂಚಲಿಂಗ ಎಲ್ಲ ಸುತ್ತೋದು ಮಂಡಿನೋವಿಗೆ ಆಗಲ್ಲ, ಮರಳಲ್ಲಿ ಪ್ರತಿ ಹೆಜ್ಜೆಯೂ ಹಿಂದಕ್ಕೆ ಜಾರತ್ತೆ.

ಹೊಳೆದಂಡೆ
ತಲಕಾಡು ಅಂದ್ರೆ ಜನ ಮರಳಿಗೆ ನಿಲ್ಲಲ್ಲ, ಹೊಳೆಗೆ ಇಳಿತಾರೆ. ಅದೇ ತೊಂದರೆ.

ಮರಳುಗುಡ್ಡೆ
ದಡದಲ್ಲಿ ಕಾಲು ನೆನೆಸೋಕೆ ಏನಾಗತ್ತೆ ಸ್ವಾಮಿ, ಮೊಣಕಾಲುದ್ದ ನೀರು.

ಹೊಳೆದಂಡೆ
ಆಗಸ್ಟಲ್ಲಿ ಮೊಣಕಾಲುದ್ದ ಅನ್ನೋದು ಆ ಕ್ಷಣದ ಮಾತು. ಮರಳ ತಳ ಒಂದೇ ಸಮ ಇರಲ್ಲ. ಹರಿವು ತಿರುಗೋ ಕಡೆ ತಳ ಕೊರೆದು ಗುಂಡಿ ಮಾಡಿರತ್ತೆ, ಹೋದ ತಿಂಗಳು ಇದ್ದ ಜಾಗದಲ್ಲಿ ಈ ತಿಂಗಳು ಇರಲ್ಲ. ಎರಡು ಹೆಜ್ಜೆ ಹಿಂದೆ ಮೊಣಕಾಲು, ಮುಂದಿನ ಹೆಜ್ಜೆ ಆಳು ಮುಳುಗೋ ಮಡು. ಕಾಲಡಿಯ ಮರಳನ್ನು ನೀರು ಎಳ್ಕೊಂಡು ಹೋಗ್ತಿರತ್ತೆ, ನಿಂತಲ್ಲೇ ತಗ್ಗಾಗತ್ತೆ. ಮೇಲಿಂದ ಎಷ್ಟು ನೀರು ಬಿಟ್ಟಿದಾರೆ ಅಂತ ದಡದಲ್ಲಿ ನಿಂತೋರಿಗೆ ಗೊತ್ತಾಗಲ್ಲ. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಅಂತ ಅಲಮೇಲಮ್ಮನ ಶಾಪದಲ್ಲೇ ಮಡು ಇದೆ, ಇನ್ನೇನು ಬೇಕು ಎಚ್ಚರಿಕೆ. ಗಾಳಿ ತುಂಬೋ ಬಣ್ಣದ ಟ್ಯೂಬು ಆಟಿಕೆ ಅಷ್ಟೆ, ಹರಿಯೋ ನೀರಲ್ಲಿ ಅದು ಮಗುವನ್ನು ಇನ್ನೂ ಬೇಗ ದೂರ ಒಯ್ಯತ್ತೆ.

ಮರಳುಗುಡ್ಡೆ
ಸರಿ, ಹೊಳೆ ಬೇಡ. ಮರಳು ಬಿಡಲ್ಲ. ಬಕೆಟ್ಟು, ಹಳೇ ಸೌಟು ಕಟ್ಕೊಂಡು ಹೋಗ್ಲಿ, ಗುಡಿ ಹತ್ತಿರದ ನೆರಳಲ್ಲೇ ಆಡಲಿ. ಬಿಸಿಲು ಬಿದ್ದ ದಿನ ಮಧ್ಯಾಹ್ನ ಮರಳು ಕಾದಿರತ್ತೆ, ನಿಮ್ಮ ಮುಂಗೈ ಐದು ಸೆಕೆಂಡ್ ಇಟ್ಟು ನೋಡಿ. ಇಡೋಕಾಗದಿದ್ರೆ ಮಗುವಿನ ಅಂಗಾಲಿಗೂ ಆಗಲ್ಲ.

ಮಳವಳ್ಳಿ_ಹೈದ
ಇಬ್ರೂ ಸರಿಯಾಗೇ ಹೇಳ್ತಾವ್ರೆ. ಇನ್ನೊಂದು ಜಾಗ ಹೇಳ್ಬುಡ್ತೀನಿ, ಅಲ್ಲಿಗೆ ಕಾಲಿಕ್ಕಬ್ಯಾಡಿ. ಗಗನಚುಕ್ಕೀನ ದರ್ಗಾ ಕಡೆಯಿಂದ್ಲೂ ನೋಡಬೋದು ಅಂತ ಜನ ಕರ್ಕಂಡೋಗ್ತಾರೆ. ಅಲ್ಲಿ ಬಂಡೆ ಮ್ಯಾಲೆ ಇಳ್ದು ಹೋದೋರು ಬೋ ಜನ ಜೀವ ಕಳ್ಕಂಡವ್ರೆ. ನೀರು ಕಮ್ಮಿ ಅಂತ ಬಂಡೆ ದಾಟಿ ಆ ಕಡೆ ಹೋಗಿರ್ತಾರೆ, ಮ್ಯಾಲಿಂದ ನೀರು ಬಂದ್ರೆ ವಾಪಸ್ ದಾರಿನೇ ಇರಾಕಿಲ್ಲ. ನೀವು ಮಳವಳ್ಳಿ ಕಡೆ ಕಟ್ಟೆಗೆ ಬರ್ರಿ ಸಾಕು.

ಪಕ್ಷಿನೋಟ
ಚಿಕ್ಕ ಮಕ್ಕಳಾದ್ರೆ ರಂಗನತಿಟ್ಟು ಉತ್ತಮ ಅಲ್ವಾ? ದೋಣಿಯಲ್ಲಿ ಕೂತರೆ ಮುಗೀತು, ನಡೆಯೋದೇ ಇಲ್ಲ. ಮೊಸಳೆನೂ ಕಾಣತ್ತೆ.

ಕಬಿನಿ_ಕಣ್ಣು
ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟ ದಿನ ರಂಗನತಿಟ್ಟಲ್ಲಿ ದೋಣಿ ನಿಲ್ಲಿಸ್ತಾರೆ. ಅದು ಅಣೆಕಟ್ಟಿನ ಕೆಳಗೇ ಇರೋ ನಡುಗಡ್ಡೆಗಳು. ಕಬಿನಿ ನೀರೊಂದೇ ಬರ್ತಿರೋ ದಿನ ಬಿಟ್ರೆ, ಚುಕ್ಕಿ ಚೆನ್ನಾಗಿದ್ರೆ ದೋಣಿ ಇಲ್ಲ, ದೋಣಿ ಇದ್ರೆ ಚುಕ್ಕಿ ಸೊರಗಿರತ್ತೆ. ಎರಡನ್ನೂ ಒಂದೇ ದಿನ ಇಟ್ಕೊಳ್ಳೋ ಪ್ಲಾನೇ ತಪ್ಪು.

ಪಕ್ಷಿನೋಟ
ನಿಜ, ಅದು ಹೊಳೆಯಲಿಲ್ಲ. ಗೂಡು ಕಟ್ಟಿ ಮರಿ ಮಾಡೋದು ನೋಡಬೇಕಂದ್ರೂ ಡಿಸೆಂಬರ್‌ನಿಂದ ಬೇಸಿಗೆವರೆಗೆ ಹೋಗಬೇಕು. ಆಗ ಕೊಕ್ಕರೆಬೆಳ್ಳೂರನ್ನೂ ಸೇರಿಸ್ಕೊಳ್ಳಿ ಬಾಲು ಅವರೇ. ಮೈಸೂರು ರಸ್ತೆಯಲ್ಲಿ ಮದ್ದೂರಿಗೆ ಮುಂಚೆ ಒಳಕ್ಕೆ ಹೋಗೋದು. ಊರ ನಡುವಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು. ಮಗುವನ್ನು ಎತ್ಕೊಂಡು ಮರದ ಬುಡದಲ್ಲಿ ನಿಂತರೆ ಸಾಕು, ದುರ್ಬೀನು ಬೇಡ. ತಲೆಗೆ ಟೋಪಿ ಮಾತ್ರ ಬೇಕು, ಹಕ್ಕಿ ಹಿಕ್ಕೆ ಯಾರನ್ನೂ ಬಿಡಲ್ಲ.

ಕೋಲಾರದಕುಡಿ
ಶಿವನಸಮುದ್ರ ಅಂದ್ರೆ ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಅಂತ ಮಗಳಿಗೆ ಹೇಳೋದು ಮರೀಬೇಡಿ. ನಮ್ಮೂರಿಗೆ ಕರೆಂಟ್ ಬಂದಿದ್ದು ಅಲ್ಲಿಂದ.

ಹಳೇ_ಪಠ್ಯಪುಸ್ತಕ
ಎರಡನೇ ಮಾತು ಸರಿ, ಮೊದಲನೇದು ಅಲ್ಲ. ಜಪಾನಿನ ಕ್ಯೋಟೋದಲ್ಲಿ ಕೇಯಾಗೆ ಕೇಂದ್ರ 1891ರಲ್ಲೇ ಇತ್ತು, ನಮ್ಮಲ್ಲೇ ಡಾರ್ಜಿಲಿಂಗ್ ಹತ್ತಿರ ಸಿದ್ರಾಪಾಂಗ್ 1897. ಶಿವನಸಮುದ್ರ 1902. ಅದರ ಹೆಚ್ಚುಗಾರಿಕೆ ಬೇರೆ: ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೊಂಡ ಯೋಜನೆ, ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ತಂತಿ ಎಳೆದು ಕರೆಂಟ್ ಕೊಟ್ಟರು. ಆ ಕಾಲಕ್ಕೆ ಅಷ್ಟು ದೂರದ ತಂತಿ ಜಗತ್ತಲ್ಲೇ ಬೆರಳೆಣಿಕೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ‘ಮೊದಲು’ ಅನ್ನೋಕಿಂತ ‘ಅಷ್ಟು ದೂರ’ ಅನ್ನೋದೇ ಮಗುವಿಗೆ ಹೇಳೋಕೆ ಚೆನ್ನಾಗಿದೆ.

ಕೋಲಾರದಕುಡಿ
ಶಾಲೆಯಲ್ಲಿ ಹಂಗೇ ಬರೆಸಿದ್ರು ಕಣ್ರೀ. ಹೋಗ್ಲಿ ಬಿಡಿ, ಕೆಜಿಎಫ್ ಬೆಂಗಳೂರಿಗಿಂತ ಮುಂಚೆ ಅನ್ನೋದು ಉಳೀತಲ್ಲ, ಅಷ್ಟು ಸಾಕು.

ಅಡುಗೆಮನೆ_ಅತ್ತಿಗೆ
ಊಟಕ್ಕೆ ಯಾರೂ ಉತ್ತರ ಕೊಟ್ಟೇ ಇಲ್ಲ. ಕಟ್ಕೊಂಡೇ ಹೋಗಿ. ಚುಕ್ಕಿ ಹತ್ತಿರ ಜೋಳ, ಸೌತೆಕಾಯಿ, ಚುರುಮುರಿ, ಕರಿದ ಮೀನು ಸಿಗತ್ತೆ, ಎರಡು ವರ್ಷದ ಮಗುವಿನ ಊಟಕ್ಕೆ ಅದು ಸಾಲದು.

ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗದ ಹಾಗೆ ಮಾಡೋದು ಹೀಗೆ. ಒಂದು ಲೋಟ ಅಕ್ಕಿಗೆ ಮೂರೂವರೆ ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಮಸೆಯಿರಿ. ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಎರಡು ಲೋಟ, ಮೊಸರು ಎರಡೇ ದೊಡ್ಡ ಚಮಚ. ಅನ್ನ ಸುಡುವಾಗ ಮೊಸರು ಹಾಕಿದ್ರೆ ಹೆಪ್ಪು ಸತ್ತುಹೋಗತ್ತೆ, ಹಾಲನ್ನವೇ ಉಳಿಯತ್ತೆ. ಡಬ್ಬಿಗೆ ಹಾಕುವಾಗ ಪಾಯಸದ ಹಾಗೆ ತೆಳ್ಳಗಿರಬೇಕು. ‘ನೀರಾಯ್ತು’ ಅಂತ ಗಾಬರಿ ಬೀಳಬೇಡಿ, ದಾರಿಯಲ್ಲಿ ಅನ್ನ ಹಾಲು ಕುಡಿಯತ್ತೆ, ಹನ್ನೆರಡು ಗಂಟೆಗೆ ಹದವಾಗಿ ಹೆಪ್ಪಾಗಿರತ್ತೆ. ಒಗ್ಗರಣೆಗೆ ಸಾಸಿವೆ, ಇಂಗು ಸಾಕು. ಸೌತೆಕಾಯಿ ಮೊದಲೇ ಹಾಕಿದ್ರೆ ನೀರು ಬಿಟ್ಟು ಕೆಡತ್ತೆ, ಬೇರೆ ಡಬ್ಬಿಯಲ್ಲಿಡಿ.

ದೊಡ್ಡವರಿಗೆ ಪುಳಿಯೋಗರೆ. ಅದರ ಕಡಲೆಬೀಜ ಚಿಕ್ಕವನ ಬಾಯಿಗೆ ಹೋಗಬಾರದು, ಕಾರು ಅಲ್ಲಾಡುವಾಗ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳತ್ತೆ. ದ್ರಾಕ್ಷಿಯನ್ನೂ ಉದ್ದಕ್ಕೆ ನಾಲ್ಕು ಸೀಳಾಗಿ ಕೊಡಿ, ಅಡ್ಡಕ್ಕೆ ಕೊಯ್ದರೆ ಬಿಲ್ಲೆ ಗಂಟಲಿಗೆ ಮುಚ್ಚಳದ ಹಾಗೆ ಕೂರತ್ತೆ.

ಸ್ಟೇರಿಂಗ್_ಶಿವು
ಮದ್ದೂರು ದಾರಿಯಲ್ಲಿ ಬಂದು ವಡೆ ತಿನ್ನದೇ ಹೋಗೋಕಾಗತ್ತಾ ಅತ್ತಿಗೆ?

ಅಡುಗೆಮನೆ_ಅತ್ತಿಗೆ
ನೀವು ತಿನ್ನಿ ಶಿವು. ಚಿರೋಟಿ ರವೆ, ಅಕ್ಕಿಹಿಟ್ಟು, ಮೈದಾ ಕಲಸಿ ಗರಿಗರಿಯಾಗಿ ಕರಿದದ್ದು, ಹಾಲುಹಲ್ಲಿಗೆ ಗಟ್ಟಿ, ಮೆಣಸಿನಕಾಯಿ ಬೇರೆ.

ಕೋತಿಕಾಟ
ಊಟ ಕಾರಿನೊಳಗೆ ಮಾಡಿ. ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದೇ ಕರೆಗಂಟೆ, ಒಳಗೆ ತಿಂಡಿ ಇರಲಿ ಡೈಪರ್ ಇರಲಿ ಕಿತ್ಕೋತವೆ. ಬಟ್ಟೆ ಚೀಲ, ಜಿಪ್ಪಿರೋ ಚೀಲ ತನ್ನಿ. ಮಗುವಿನ ಕೈಯಲ್ಲಿ ಬಿಸ್ಕತ್ತು ಕೊಟ್ಟು ನಿಲ್ಲಿಸಬೇಡಿ. ಕೋತಿ ಬಂದ್ರೆ ತಿಂಡಿ ಬಿಟ್ಟುಬಿಡಿ, ಎಳೆದಾಡಿದ್ರೆ ಕಚ್ಚತ್ತೆ. ಪರಚಿದ್ರೂ ಹತ್ತು-ಹದಿನೈದು ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಎರಡುಮಕ್ಕಳ_ತಾಯಿ
ಡೈಪರ್ ಅಂದ್ರಲ್ಲ: ದಿನಕ್ಕೆ ಆರು ಇಟ್ಕೊಳ್ಳಿ, ತುಂತುರಿಗೆ ಹೊರಗಿಂದಲೂ ನೆನೆಯತ್ತೆ. ಬಳಸಿದ್ದನ್ನು ಎರಡು ಕವರಲ್ಲಿ ಕಟ್ಟಿ ಮನೆಗೇ ತನ್ನಿ. ಮಗಳಿಗೆ ಶೌಚಾಲಯ ಎಲ್ಲಿ ಕಂಡರೂ ಒಮ್ಮೆ ಕರ್ಕೊಂಡು ಹೋಗಿ, ‘ಬರ್ತಿಲ್ಲ’ ಅಂದ್ರೂ. ಕೈತೊಳೆಯೋಕೆ ಐದು ಲೀಟರ್ ಕ್ಯಾನು, ಒಂದು ಚೊಂಬು ಡಿಕ್ಕಿಯಲ್ಲಿರಲಿ.

ಎರಡುಗೇಣು
ಮಗಳಿಗೆ ಕಾಮನಬಿಲ್ಲು ತೋರಿಸೋ ಉಪಾಯ. ಜಲಪಾತದ ಹೊಗೆಯಲ್ಲಿ ಬಿಲ್ಲು ಕಾಣಬೇಕಾದ್ರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು. ಸೂರ್ಯನಿಗೆ ಬೆನ್ನು ಮಾಡಿ ನಿಂತು ಅವಳ ತಲೆಯ ನೆರಳು ಎಲ್ಲಿ ಬೀಳ್ತಿದೆ ನೋಡಿ. ಅವಳು ಕೈ ಪೂರ್ತಿ ಚಾಚಿ, ಹೆಬ್ಬೆರಳನ್ನು ಆ ನೆರಳಿನ ಮೇಲಿಟ್ಟು ಒಂದು ಗೇಣು ಅಳೆಯಲಿ, ಅಲ್ಲಿಂದ ಇನ್ನೊಂದು ಗೇಣು. ಎರಡು ಗೇಣಿಗೆ ಸುಮಾರು 42 ಡಿಗ್ರಿ, ಬಿಲ್ಲು ಇರೋದು ಅಲ್ಲೇ. ನೆರಳಿನ ಸುತ್ತ ಯಾವ ದಿಕ್ಕಿಗೆ ಅಳೆದರೂ ಸರಿ, ಆ ಜಾಗದಲ್ಲಿ ಹೊಗೆ, ಅದರ ಮೇಲೆ ಬಿಸಿಲು ಇರಬೇಕಷ್ಟೆ. ಮಕ್ಕಳ ಕೈ ಚಿಕ್ಕದು, ಗೇಣೂ ಚಿಕ್ಕದು, ಲೆಕ್ಕ ತಪ್ಪಲ್ಲ. ಒಂದು ಕಡೆ ಕಾಣದಿದ್ರೆ ಕಟ್ಟೆಯ ಮೇಲೆ ಹತ್ತು ಹೆಜ್ಜೆ ಸರಿದು ಮತ್ತೆ ಅಳೆಯಿರಿ.

ಟ್ಯಾಂಕರ್_ತಿಮ್ಮಣ್ಣ
ಇದು ಚೆನ್ನಾಗಿದೆ. ಮೋಡ ಇದ್ರೆ?

ಎರಡುಗೇಣು
ಮೋಡ ಇದ್ರೆ ನೆರಳೂ ಇಲ್ಲ, ಬಿಲ್ಲೂ ಇಲ್ಲ. ಜೋಳ ತಿನ್ನಿ.

ಬನಶಂಕರಿ_ಬಾಲು
ಎಲ್ಲರಿಗೂ ಥ್ಯಾಂಕ್ಸ್. ಸೋಮನಾಥಪುರ ಕೈಬಿಟ್ಟೆ. ಮನೇಲಿ ತೀರ್ಮಾನ ಹೀಗಾಗಿದೆ: ಭಾನುವಾರದ ಬದಲು ಮಂಗಳವಾರ ರಜೆ ಹಾಕ್ತೀನಿ. ಬೆಳಿಗ್ಗೆ ಆರಕ್ಕೆ ಹೊರಟು ಮದ್ದೂರು ದಾರಿ, ಒಂಬತ್ತೂವರೆಗೆ ಗಗನಚುಕ್ಕಿ. ಹತ್ತೂವರೆಗೆ ಬಿಟ್ಟು ಭರಚುಕ್ಕಿ, ಮೇಲಿಂದ ಮಾತ್ರ. ಹನ್ನೆರಡಕ್ಕೆ ಕಾರಲ್ಲೇ ಊಟ. ಆಮೇಲೆ ತಲಕಾಡಲ್ಲಿ ಒಂದು ಗಂಟೆ ಮರಳು, ಹೊಳೆ ಇಲ್ಲ. ಮೂರಕ್ಕೆ ವಾಪಸ್. ಇದು ಆಗತ್ತಾ?

ಎರಡುಮಕ್ಕಳ_ತಾಯಿ
ಚಿಕ್ಕವನು ಮಧ್ಯಾಹ್ನ ಎಷ್ಟು ಗಂಟೆಗೆ ಮಲಗ್ತಾನೆ?

ಬನಶಂಕರಿ_ಬಾಲು
ಹನ್ನೆರಡೂವರೆಯಿಂದ ಎರಡೂವರೆ.

ಎರಡುಮಕ್ಕಳ_ತಾಯಿ
ಹಾಗಾದ್ರೆ ತಲಕಾಡು ತಲುಪೋಷ್ಟರಲ್ಲಿ ಗಾಢ ನಿದ್ದೆ. ಎಬ್ಬಿಸಿದ್ರೆ ಮರಳೂ ಇಲ್ಲ, ಮನಃಶಾಂತಿಯೂ ಇಲ್ಲ. ಭರಚುಕ್ಕಿ, ತಲಕಾಡು ಎರಡರಲ್ಲಿ ಒಂದೇ ಇಟ್ಕೊಳ್ಳಿ. ಭರಚುಕ್ಕಿ ಆದ್ರೆ ಊಟ ಮುಗಿಸಿ ಹನ್ನೆರಡೂವರೆಗೆ ಸೀದಾ ಬೆಂಗಳೂರಿಗೆ ತಿರುಗಿಸಿ, ಮದ್ದೂರಿನವರೆಗೂ ಕಾರಲ್ಲಿ ಸದ್ದೇ ಇರಲ್ಲ.

ಮರಳುಗುಡ್ಡೆ
ನಿದ್ದೆ ವಿಷಯಕ್ಕೆ ನನ್ನ ತಕರಾರಿಲ್ಲ. ತಲಕಾಡು ಬೇಸಿಗೆ ಮುಗಿಯೋ ಮುಂಚೆ ಬೇರೆ ದಿನ ಮಾಡಿ, ಆದ್ರೆ ಬೆಳಿಗ್ಗೆಯೇ ಹೋಗಿ.

ಬನಶಂಕರಿ_ಬಾಲು
ಸರಿ, ಎರಡು ಚುಕ್ಕಿ ಮಾತ್ರ. ಅತ್ತೆಗೆ ‘ತಲಕಾಡು ಇಲ್ಲ’ ಅಂತ ಹೇಳೋ ಕೆಲಸ ಬಾಕಿ ಇದೆ.

ಮಳವಳ್ಳಿ_ಹೈದ
ಅತ್ತೆಮ್ಮನ್ಗೆ ನಡುಗಡ್ಡೆ ರಂಗನಾಥನ ದರ್ಶನ ಮಾಡ್ಸಿ, ಭರಚುಕ್ಕಿ ದಾರೀಲೇ ಅವ್ನೆ. ಶ್ರೀರಂಗಪಟ್ಣದೋನು ಆದಿರಂಗ, ಇವ್ನು ಮಧ್ಯರಂಗ, ಶ್ರೀರಂಗದೋನು ಅಂತ್ಯರಂಗ. ತಲಕಾಡಿನ ಮಾತೇ ಎತ್ತಾಕಿಲ್ಲ ಅವ್ರು. ಆದ್ರೆ ಹನ್ನೆಲ್ಡಕ್ಕೆ ಮುಂಚೆ ಹೋಗ್ಬುಡಿ, ಮಧ್ಯಾಹ್ನ ಬಾಗ್ಲು ಹಾಕ್ಬುಟ್ರೆ ಸಾಯಂಕಾಲವರ್ಗೂ ಕಾಯಬೇಕಾಯ್ತದೆ. ಒಂದು ಮಡಚೋ ಸ್ಟೂಲ್ ಹಾಕ್ಕಳಿ ಡಿಕ್ಕೀಗೆ, ಕಟ್ಟೆ ಮ್ಯಾಲೆ ಕುಂತ್ಕಂಡು ನೋಡ್ಲಿ. ಸೋಮವಾರ ಸಾಯಂಕಾಲ ಹೊರಹರಿವು ಎಷ್ಟು ಅಂತ ಇಲ್ಲೇ ಹಾಕ್ತೀನಿ.